20 ತಿಂಗಳು, 7 ದಿನ, 14 ತಿಂಗಳು: ಕರ್ನಾಟಕದ ಮೈತ್ರಿಗಳು ಯಾಕೆ ಬಾಳಲಿಲ್ಲ?

ಇವತ್ತಿನ ಕಂತನ್ನ ಒಂದು ಫೋನ್ ಕರೆಯಿಂದ ಶುರು ಮಾಡ್ತೀನಿ.

2019ರ ಜುಲೈ 23, ಮಂಗಳವಾರ. ನಾನಾಗ ಬೆಂಗಳೂರಲ್ಲಿ ಪಿಜಿಯಲ್ಲಿದ್ದೆ. ಊಟದ ಹಾಲ್‌ನಲ್ಲಿ ಟಿವಿ ಓಡ್ತಾ ಇತ್ತು. ವಿಧಾನಸಭೆಯಲ್ಲಿ ತಲೆ ಎಣಿಕೆ ಮುಗಿದು ಪರದೆ ಮೇಲೆ ಎರಡು ಸಂಖ್ಯೆ ಬಂತು: ಪರ 99, ವಿರುದ್ಧ 105. ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರ, ಅಂದ್ರೆ ಕಾಂಗ್ರೆಸ್ ಮತ್ತು ಜೆಡಿಎಸ್ ಮೈತ್ರಿ ಸರ್ಕಾರ, ಬಿದ್ದುಹೋಯ್ತು. ನಾನು ತಟ್ಟೆ ಕೆಳಗಿಟ್ಟು ಊರಿಗೆ ಫೋನ್ ಮಾಡಿದೆ.

ನಮ್ಮೂರು ಮಂಡ್ಯ ಜಿಲ್ಲೆ. ನಮ್ಮ ಚಿಕ್ಕಪ್ಪ ಜೆಡಿಎಸ್ ಕಾರ್ಯಕರ್ತ. ಹುದ್ದೆ ಗಿದ್ದೆ ಏನೂ ಇಲ್ಲ. ಚುನಾವಣೆ ಬಂದ್ರೆ ಬೂತ್ ಹತ್ರ ಮೇಜು ಹಾಕ್ಕೊಂಡು ಮತದಾರರ ಪಟ್ಟಿ ಹಿಡಿದು ಕೂರೋರು, ಅಷ್ಟೇ. ಎದುರುಮನೆ ಮಾವ ಕಾಂಗ್ರೆಸ್. ಅವರದ್ದೂ ಅದೇ ಕೆಲಸ, ಮೇಜು ಮಾತ್ರ ರಸ್ತೆಯ ಆ ಕಡೆ. ಇಬ್ಬರ ಮಧ್ಯೆ ಹದಿನೈದು ವರ್ಷ ಮಾತಿರಲಿಲ್ಲ. ಒಂದು ಪಂಚಾಯಿತಿ ಚುನಾವಣೆಯಲ್ಲಿ ಶುರುವಾದ ಜಗಳ, ಆಮೇಲೆ ಚರಂಡಿಗೆ ಬಂತು, ಚರಂಡಿಯಿಂದ ಪೊಲೀಸ್ ಠಾಣೆಗೆ ಹೋಯ್ತು. ಹಳ್ಳಿಯವರಿಗೆ ಈ ದಾರಿ ಗೊತ್ತಿರುತ್ತೆ.

ಫೋನ್ ಎತ್ತಿದ ಚಿಕ್ಕಪ್ಪ ಬೇಜಾರಲ್ಲಿ ಇರ್ತಾರೆ ಅಂದ್ಕೊಂಡಿದ್ದೆ. ಅವರು ಹೇಳಿದ್ದು ಇಷ್ಟು: "ಹೋಗ್ಲಿ ಬುಡ್ಲಾ ಮಗ. ಇನ್ಮೇಲೆ ಎದುರುಮನೆಯವನ ಜತೆ ನೆಮ್ಮದಿಯಾಗಿ ಜಗಳ ಆಡಬೌದು."

ನಾನು ನಕ್ಕೆ. ಆದ್ರೆ ಆ ಮಾತು ತಲೆಯಿಂದ ಹೋಗಲಿಲ್ಲ. 14 ತಿಂಗಳ ಒಂದು ಸರ್ಕಾರ ಯಾಕೆ ಬಿತ್ತು ಅನ್ನೋದಕ್ಕೆ ಟಿವಿಯಲ್ಲಿ ಕೂತವರು ಹತ್ತಾರು ಕಾರಣ ಕೊಟ್ಟರು: ದುಡ್ಡು, ಕುರ್ಚಿ, ದೆಹಲಿ, ಆಪರೇಷನ್ ಕಮಲ. ಯಾವುದನ್ನೂ ನಾನು ತಳ್ಳಿಹಾಕಲ್ಲ. ಆದ್ರೆ ಚಿಕ್ಕಪ್ಪನ ಮಾತಲ್ಲಿ ಇನ್ನೊಂದು ಕಾರಣ ಇತ್ತು. ಅದನ್ನ ಹುಡುಕೋಕೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು 1983ಕ್ಕೆ ಹೋಗೋಣ. ಕರ್ನಾಟಕ, ಅದಕ್ಕೂ ಮೊದಲಿನ ಮೈಸೂರು ರಾಜ್ಯ, ಅಲ್ಲಿವರೆಗೆ ಕಾಂಗ್ರೆಸ್ ಬಿಟ್ಟು ಬೇರೆಯವರ ಸರ್ಕಾರವನ್ನೇ ಕಂಡಿರಲಿಲ್ಲ. ಜನವರಿಯ ಚುನಾವಣೆಯಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗ ಒಟ್ಟಾಗಿ ನಿಂತವು. ಕ್ರಾಂತಿರಂಗ ದೇವರಾಜ ಅರಸು ಕಟ್ಟಿದ್ದು. ಅರಸು 1982ರಲ್ಲೇ ತೀರಿಕೊಂಡಿದ್ದರು, ಮುಂದೆ ಎಸ್. ಬಂಗಾರಪ್ಪ ಇದ್ದರು. ಫಲಿತಾಂಶ ಬಂದಾಗ 224 ಸ್ಥಾನಗಳಲ್ಲಿ ಈ ಕೂಟಕ್ಕೆ 95, ಕಾಂಗ್ರೆಸ್‌ಗೆ 82, ಬಿಜೆಪಿಗೆ 18. ಬಹುಮತಕ್ಕೆ ಬೇಕಾಗಿದ್ದು 113.

ಬಂಗಾರಪ್ಪನವರೇ ಮುಖ್ಯಮಂತ್ರಿ ಆಗ್ತಾರೆ ಅಂತ ಬಹಳ ಜನ ಎಣಿಸಿದ್ದರು. ಆಗಿದ್ದು ರಾಮಕೃಷ್ಣ ಹೆಗಡೆ. ಅವರು ಆಗ ಶಾಸಕರೂ ಆಗಿರಲಿಲ್ಲ, ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು. ಬಿಜೆಪಿ ಹೊರಗಿನಿಂದ ಬೆಂಬಲ ಕೊಟ್ಟಿತು. "ಹೊರಗಿನಿಂದ ಬೆಂಬಲ" ಅಂದ್ರೆ ಮಂತ್ರಿಗಿರಿ ತಗೊಳ್ಳಲ್ಲ, ಸದನದಲ್ಲಿ ಕೈ ಎತ್ತುತ್ತೇವೆ ಅಂತ. ಕೇಳೋಕೆ ತ್ಯಾಗದ ಹಾಗಿದೆ. ಆದ್ರೆ ಮನೆ ಬಾಗಿಲ ಚಿಲಕ ಹೊರಗಿರೋರ ಕೈಯಲ್ಲಿರುತ್ತೆ ಅನ್ನೋದನ್ನ ಮರೀಬಾರದು.

1984ರ ಡಿಸೆಂಬರ್‌ನಲ್ಲಿ ಲೋಕಸಭೆ ಚುನಾವಣೆ ಬಂತು. ಇಂದಿರಾ ಗಾಂಧಿ ಹತ್ಯೆಯಾದ ಮೇಲಿನ ಚುನಾವಣೆ ಅದು. ಕರ್ನಾಟಕದ 28ರಲ್ಲಿ ಕಾಂಗ್ರೆಸ್ 24 ಗೆದ್ದಿತು, ಜನತಾ ಪಕ್ಷಕ್ಕೆ ಸಿಕ್ಕಿದ್ದು 4. ಹೆಗಡೆ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟು, ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನ ಬಂತು. ಎರಡು ವರ್ಷ ಆ ಸರ್ಕಾರವನ್ನ ಎತ್ತಿ ಹಿಡಿದಿದ್ದ ಬಿಜೆಪಿಗೆ ಎಷ್ಟು ಬಂತು ಗೊತ್ತಾ? 18ರಿಂದ 2ಕ್ಕೆ ಇಳೀತು.

ಈ 2 ಅನ್ನೋ ಸಂಖ್ಯೆಯನ್ನ ನೆನಪಲ್ಲಿ ಇಟ್ಕೊಳ್ಳಿ. ಮೈತ್ರಿಯಲ್ಲಿ ಒಬ್ಬರು ಸರ್ಕಾರದ ಮುಖ ಆಗ್ತಾರೆ, ಇನ್ನೊಬ್ಬರು ಬೆನ್ನು ಆಗ್ತಾರೆ. ಜನ ಮುಖ ನೋಡಿ ವೋಟ್ ಹಾಕ್ತಾರೆ. ಸರ್ಕಾರ ಒಳ್ಳೆ ಹೆಸರು ಮಾಡಿದ್ರೆ ಅದು ಮುಖಕ್ಕೆ ಹೋಗುತ್ತೆ, ಬೆನ್ನು ಕರಗಿ ಹೋಗುತ್ತೆ. ಕರ್ನಾಟಕದ ಪ್ರತಿ ಪಕ್ಷದ ಹಿರಿಯರಿಗೂ ಈ ಪಾಠ ಗೊತ್ತಿತ್ತು. ಮುಂದೆ ಯಾರೂ ಬೆನ್ನಾಗಿ ಇರೋಕೆ ಒಪ್ಪದೇ ಇದ್ದಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತೆ.

ಹೊರಗಿನ ಬೆಂಬಲದ ಇನ್ನೊಂದು ಕಥೆ ನಮ್ಮವರದ್ದೇ. 1996ರ ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಧಾನಿ ಆದರು. ಸಂಯುಕ್ತ ರಂಗದ ಸರ್ಕಾರ, ಕಾಂಗ್ರೆಸ್‌ನ ಹೊರ ಬೆಂಬಲ. ಕಾಂಗ್ರೆಸ್ ಬೆಂಬಲ ವಾಪಸ್ ಪಡೆದಿದ್ದೇ ತಡ, 1997ರ ಏಪ್ರಿಲ್‌ನಲ್ಲಿ ಲೋಕಸಭೆಯಲ್ಲಿ ವಿಶ್ವಾಸಮತ ಸೋತು ಇಳಿದರು. ಒಂದು ವರ್ಷವೂ ತುಂಬಲಿಲ್ಲ. ನಮ್ಮ ಚಿಕ್ಕಪ್ಪನಿಗೆ ಈಗಲೂ ಕಾಂಗ್ರೆಸ್ ಅಂದ್ರೆ ಮೊದಲು ನೆನಪಾಗೋದು ಅದೇ. ಮುಂದೆ 2018ರಲ್ಲಿ ಅದೇ ಕಾಂಗ್ರೆಸ್ ಜೊತೆ ಕೈ ಜೋಡಿಸಿ ಅಂದಾಗ ಅವರ ತಲೆಯಲ್ಲಿ ಏನು ಓಡಿರಬಹುದು, ನೀವೇ ಯೋಚನೆ ಮಾಡಿ.

ಈಗ 2004ಕ್ಕೆ ಬರೋಣ. ಇಲ್ಲಿಂದ ಕಥೆ ಜೋರಾಗುತ್ತೆ.

ಆ ವರ್ಷದ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿಗೆ 79, ಕಾಂಗ್ರೆಸ್‌ಗೆ 65, ಜೆಡಿಎಸ್‌ಗೆ 58. ಯಾರಿಗೂ ಬಹುಮತ ಇಲ್ಲ. ಒಂದು ವಿಚಿತ್ರ ನೋಡಿ: ರಾಜ್ಯದಲ್ಲಿ ಅತಿ ಹೆಚ್ಚು ಮತ ಪಡೆದ ಪಕ್ಷ ಕಾಂಗ್ರೆಸ್, ಸುಮಾರು ಶೇ. 35. ಬಿಜೆಪಿಗೆ ಸುಮಾರು ಶೇ. 28. ಆದ್ರೂ ಸ್ಥಾನ ಬಿಜೆಪಿಗೇ ಜಾಸ್ತಿ. ಮತ ಎಲ್ಲಿ, ಹೇಗೆ ಹಂಚಿಕೆ ಆಗಿದೆ ಅನ್ನೋದರ ಮೇಲೆ ಸ್ಥಾನ ನಿಂತಿರುತ್ತೆ. ಈ ಲೆಕ್ಕ ಮುಂದೆ ಮತ್ತೆ ಬೇಕಾಗುತ್ತೆ.

ಕಾಂಗ್ರೆಸ್‌ನ ಧರ್ಮಸಿಂಗ್ ಮುಖ್ಯಮಂತ್ರಿ, ಜೆಡಿಎಸ್‌ನಲ್ಲಿದ್ದ ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ಹೌದು, ಆಗ ಸಿದ್ದರಾಮಯ್ಯ ಜೆಡಿಎಸ್‌ನಲ್ಲಿದ್ದರು. 2005ರಲ್ಲಿ ಅವರನ್ನ ಆ ಹುದ್ದೆಯಿಂದ ಇಳಿಸಲಾಯ್ತು, 2006ರಲ್ಲಿ ಅವರು ಕಾಂಗ್ರೆಸ್ ಸೇರಿ, ಅದೇ ಡಿಸೆಂಬರ್‌ನಲ್ಲಿ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ ಕೇವಲ 257 ಮತದಿಂದ ಗೆದ್ದರು.

ಅದಕ್ಕೂ ಮುಂಚೆ, 2006ರ ಜನವರಿಯಲ್ಲಿ, ಕುಮಾರಸ್ವಾಮಿ ಜೆಡಿಎಸ್ ಶಾಸಕರ ದೊಡ್ಡ ಗುಂಪನ್ನ ಕಟ್ಟಿಕೊಂಡು ಕಾಂಗ್ರೆಸ್ ಕೈಬಿಟ್ಟು ಬಿಜೆಪಿ ಜೊತೆ ಹೋದರು. ದೇವೇಗೌಡರು ಬಹಿರಂಗವಾಗಿಯೇ ಇದನ್ನ ವಿರೋಧಿಸಿದ್ದರು. ಫೆಬ್ರವರಿ 3ಕ್ಕೆ ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ. ಒಪ್ಪಂದ ಏನಪ್ಪಾ ಅಂದ್ರೆ, ಉಳಿದಿರೋ ನಲವತ್ತು ತಿಂಗಳನ್ನ ಸಮ ಪಾಲು ಮಾಡೋದು. ಮೊದಲ 20 ತಿಂಗಳು ನಿಮ್ಮದು, ಆಮೇಲಿನ 20 ತಿಂಗಳು ನಮ್ಮದು. ಪತ್ರಿಕೆಗಳು ಇದಕ್ಕೆ ಕ್ರಿಕೆಟ್ ಭಾಷೆಯಲ್ಲಿ "ಟ್ವೆಂಟಿ-ಟ್ವೆಂಟಿ" ಅಂತಲೇ ಹೆಸರಿಟ್ಟವು.

ನಾನಾಗ ಎಂಟು ವರ್ಷದ ಮಗು. ಆ ಸರ್ಕಾರದಿಂದ ನನಗೆ ನೆನಪಿರೋದು ಒಂದೇ: ನಮ್ಮ ಅಕ್ಕನಿಗೆ ಸೈಕಲ್ ಬಂತು. ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಸೈಕಲ್ ಕೊಡೋ ಯೋಜನೆ ಶುರುವಾಗಿದ್ದು ಆ ಕಾಲದಲ್ಲೇ. ಹಣಕಾಸು ಖಾತೆ ಯಡಿಯೂರಪ್ಪನವರ ಹತ್ರ ಇತ್ತು. ಭಾಗ್ಯಲಕ್ಷ್ಮಿ ಯೋಜನೆಯೂ ಆಗಿನದ್ದೇ. ಬೆಳಗಾವಿಯಲ್ಲಿ ಮೊದಲ ಸಲ ವಿಧಾನಮಂಡಲ ಅಧಿವೇಶನ ನಡೆದಿದ್ದೂ 2006ರಲ್ಲೇ. ಅಕ್ಕನ ಹೈಸ್ಕೂಲ್ ನಾಲ್ಕು ಕಿಲೋಮೀಟರ್ ದೂರ. ಅವಳು ಪಿಯುಸಿ ಮುಗಿಸೋವರೆಗೂ ಅದೇ ಸೈಕಲ್ ತುಳಿದಳು. ಸರ್ಕಾರ ಆ ಸೈಕಲ್‌ನಷ್ಟೂ ಬಾಳಲಿಲ್ಲ.

2007ರ ಅಕ್ಟೋಬರ್ 3ರಂದು ಅಧಿಕಾರ ಹಸ್ತಾಂತರ ಆಗಬೇಕಿತ್ತು, ಆಗಲಿಲ್ಲ. ಬಿಜೆಪಿ ಬೆಂಬಲ ಹಿಂತೆಗೆದುಕೊಂಡಿತು. ಕುಮಾರಸ್ವಾಮಿ ರಾಜೀನಾಮೆ ಕೊಟ್ಟರು, ರಾಷ್ಟ್ರಪತಿ ಆಳ್ವಿಕೆ ಬಂತು. ಆಮೇಲೆ ಜೆಡಿಎಸ್ ಮನಸ್ಸು ಬದಲಿಸಿ, ಸರಿ, ನೀವೇ ಆಗಿ ಅಂದಿತು. ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ತಗೊಂಡರು. ದಕ್ಷಿಣ ಭಾರತದಲ್ಲಿ ಬಿಜೆಪಿಯ ಮೊದಲ ಮುಖ್ಯಮಂತ್ರಿ ಅವರು. ವಿಶ್ವಾಸಮತಕ್ಕೆ ಮೊದಲು ಜೆಡಿಎಸ್ ಹೊಸ ಷರತ್ತುಗಳನ್ನ ಮುಂದಿಟ್ಟಿತು. ಬಿಜೆಪಿ ಒಪ್ಪಲಿಲ್ಲ. ನವೆಂಬರ್ 19ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಅಧಿಕಾರದಲ್ಲಿದ್ದಿದ್ದು ಬರೀ 7 ದಿನ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಯಾರು ಸರಿ, ಯಾರು ತಪ್ಪು ಅನ್ನೋದು ನೀವು ಯಾರನ್ನ ಕೇಳ್ತೀರಿ ಅನ್ನೋದರ ಮೇಲಿದೆ. ನಾನು ನೋಡ್ತಿರೋದು ಒಪ್ಪಂದದ ರಚನೆಯನ್ನ. ಇಬ್ಬರು ಗೆಳೆಯರು ಸೇರಿ ಒಂದು ಬೈಕ್ ತಗೋತಾರೆ ಅಂದ್ಕೊಳ್ಳಿ. ಮೊದಲ ವರ್ಷ ಒಬ್ಬ ಓಡಿಸೋದು, ಎರಡನೇ ವರ್ಷ ಇನ್ನೊಬ್ಬ. ಮೊದಲನೆಯವನಿಗೆ ತನ್ನ ಪಾಲು ಪೂರ್ತಿ ಸಿಕ್ಕಾಗಿದೆ. ಎರಡನೆಯವನಿಗೆ ಇರೋದು ಬರೀ ಮಾತು. ಕೊಟ್ಟ ಮಾತು ತಪ್ಪಿದ್ರೆ ಕೇಳೋರು ಯಾರು? ಕೋರ್ಟಿಗೆ ಹೋಗೋಕೆ ಆಗಲ್ಲ. ಮುಖ್ಯಮಂತ್ರಿ ಕುರ್ಚಿಯ ಪಾಲು ಪತ್ರವನ್ನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ನೋಂದಣಿ ಮಾಡಿಸಲ್ಲ. ಹಾಗಾಗಿ ಇಂಥ ಒಪ್ಪಂದಕ್ಕೆ ಪಂಚರು ಅಂತ ಇರೋರು ಒಬ್ಬರೇ, ಮತದಾರರು. ಅವರ ತೀರ್ಪು ಬರೋದು ಚುನಾವಣೆಯಲ್ಲಿ ಮಾತ್ರ.

ತೀರ್ಪು 2008ರ ಮೇನಲ್ಲಿ ಬಂತು. ಆ ಚುನಾವಣೆ ಉದ್ದಕ್ಕೂ ಓಡಾಡಿದ ಒಂದು ಪದ "ವಚನಭ್ರಷ್ಟ". ಬಿಜೆಪಿ 110, ಕಾಂಗ್ರೆಸ್ 80, ಜೆಡಿಎಸ್ 28. ಜೆಡಿಎಸ್ 58ರಿಂದ 28ಕ್ಕೆ ಬಂದಿತ್ತು. ಆದ್ರೆ ಮತ ಪ್ರಮಾಣ? ಸುಮಾರು ಶೇ. 21ರಿಂದ ಶೇ. 19ಕ್ಕೆ ಇಳಿದಿತ್ತು, ಅಷ್ಟೇ. ಕ್ಷೇತ್ರಗಳ ಗಡಿಯೂ ಆ ಸಲ ಬದಲಾಗಿತ್ತು, ಸಿದ್ದರಾಮಯ್ಯನವರೂ ಆಚೆ ಹೋಗಿದ್ದರು, ಹಾಗಾಗಿ ಎಲ್ಲವನ್ನೂ ವಚನಭಂಗದ ಲೆಕ್ಕಕ್ಕೇ ಬರೆಯೋದು ಬೇಡ. ಆದ್ರೂ ಮೂರು ಪಕ್ಷದ ಆಟದಲ್ಲಿ ಎರಡು ಪರ್ಸೆಂಟ್ ಜಾರಿದ್ರೆ ಸ್ಥಾನ ಅರ್ಧ ಆಗಬಹುದು ಅನ್ನೋದು ಇಲ್ಲಿ ಕಾಣುತ್ತೆ. ಸಣ್ಣ ಪಕ್ಷಗಳು ಯಾಕೆ ಸದಾ ಭಯದಲ್ಲಿರ್ತವೆ ಅನ್ನೋದು ಇದರಿಂದ ಅರ್ಥ ಆಗುತ್ತೆ.

ಹತ್ತು ವರ್ಷ ಮುಂದಕ್ಕೆ ಬನ್ನಿ. 2018ರ ಮೇ 15. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ನಾನು ಮೊದಲ ಸಲ ವೋಟ್ ಹಾಕಿದ ವಿಧಾನಸಭೆ ಚುನಾವಣೆ. ಎಣಿಕೆ ಇನ್ನೂ ನಡೀತಿರುವಾಗಲೇ ಕಾಂಗ್ರೆಸ್ ಒಂದು ಹೆಜ್ಜೆ ಇಟ್ಟಿತು: 37 ಸ್ಥಾನದ ಪಕ್ಷಕ್ಕೆ ಮುಖ್ಯಮಂತ್ರಿ ಕುರ್ಚಿ ಕೊಡ್ತೀವಿ ಅಂತು.

ರಾಜ್ಯಪಾಲರು ಅತಿ ದೊಡ್ಡ ಪಕ್ಷ ಅಂತ ಬಿಜೆಪಿಯನ್ನ ಕರೆದು, ಬಹುಮತ ತೋರಿಸೋಕೆ 15 ದಿನ ಕೊಟ್ಟರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯ್ತು, ರಾತ್ರಿಯೆಲ್ಲಾ ವಿಚಾರಣೆ ನಡೀತು. ಮೇ 17ಕ್ಕೆ ಯಡಿಯೂರಪ್ಪ ಪ್ರಮಾಣವಚನ ತಗೊಂಡರು. ಮಾರನೇ ದಿನ ಕೋರ್ಟ್, 15 ದಿನ ಎಲ್ಲಾ ಬೇಡ, 19ಕ್ಕೇ ಬಲಾಬಲ ಪರೀಕ್ಷೆ ಆಗಲಿ ಅಂತು. ಮತಕ್ಕೆ ಹಾಕೋ ಮುಂಚೆಯೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಬಹುಮತ ಇದೆಯೋ ಇಲ್ಲವೋ ಅನ್ನೋದು ರಾಜಭವನದಲ್ಲಲ್ಲ, ಸದನದಲ್ಲೇ ತೀರ್ಮಾನ ಆಗಬೇಕು ಅನ್ನೋ ತತ್ವ ಗಟ್ಟಿಯಾಗಿದ್ದು ಯಾರ ಪ್ರಕರಣದಿಂದ ಹೇಳಿ? 1989ರಲ್ಲಿ ವಜಾ ಆದ ನಮ್ಮದೇ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಿಂದ. 1994ರ ಆ ತೀರ್ಪನ್ನ ದೇಶದ ಎಲ್ಲಾ ಕಡೆ ಇವತ್ತಿಗೂ ಉಲ್ಲೇಖ ಮಾಡ್ತಾರೆ.

ಮೇ 23. ವಿಧಾನಸೌಧದ ಮುಂದೆ ಕುಮಾರಸ್ವಾಮಿ ಪ್ರಮಾಣವಚನ. ಸೋನಿಯಾ ಗಾಂಧಿ, ಮಾಯಾವತಿ, ಮಮತಾ ಬ್ಯಾನರ್ಜಿ, ಅಖಿಲೇಶ್ ಯಾದವ್, ಚಂದ್ರಬಾಬು ನಾಯ್ಡು ಎಲ್ಲಾ ಒಂದೇ ವೇದಿಕೆ ಮೇಲೆ ಕೈ ಹಿಡಿದು ಎತ್ತಿದರು. ಆ ಫೋಟೊ ನಿಮಗೆ ನೆನಪಿರಬಹುದು. ನಮ್ಮೂರಲ್ಲೂ ಆ ದಿನ ಒಂದು ಸಣ್ಣ ಘಟನೆ ಆಯ್ತು. ಎದುರುಮನೆ ಮಾವ ರಸ್ತೆ ದಾಟಿ ಬಂದು ನಮ್ಮ ಜಗಲಿ ಮೇಲೆ ಕೂತರು. ಹದಿನೈದು ವರ್ಷ ಆದ್ಮೇಲೆ. ಚಿಕ್ಕಮ್ಮ ಕಾಫಿ ತಂದು ಕೊಟ್ಟರು. ಏನು ಮಾತಾಡಬೇಕು ಅಂತ ಗೊತ್ತಾಗದೆ ಇಬ್ಬರೂ ಮಳೆ ವಿಷಯ ಮಾತಾಡಿದರು.

ಜುಲೈ ಹೊತ್ತಿಗೇ ಬಿರುಕು ಕಾಣಿಸಿತು. ಬಜೆಟ್‌ನಲ್ಲಿ 34,000 ಕೋಟಿ ರೂಪಾಯಿಯ ಬೆಳೆಸಾಲ ಮನ್ನಾ ಘೋಷಣೆ ಆಯ್ತು. ಅದಾಗಿ ಕೆಲವೇ ದಿನಕ್ಕೆ ತಮ್ಮ ಪಕ್ಷದ ಸಮಾರಂಭದಲ್ಲಿ ಕುಮಾರಸ್ವಾಮಿ, ವಿಷಕಂಠನ ಹಾಗೆ ನೋವು ನುಂಗ್ತಾ ಇದ್ದೀನಿ ಅನ್ನೋ ಅರ್ಥದಲ್ಲಿ ಮಾತಾಡಿ ಕಣ್ಣೀರಿಟ್ಟರು. ಆದ್ರೂ ನವೆಂಬರ್‌ನಲ್ಲಿ ಐದು ಉಪಚುನಾವಣೆ ಬಂದಾಗ ಮೈತ್ರಿ ನಾಲ್ಕನ್ನ ಗೆದ್ದಿತು. ಮಂಡ್ಯ ಲೋಕಸಭೆ ಕ್ಷೇತ್ರದಲ್ಲಿ ಜೆಡಿಎಸ್ ಅಭ್ಯರ್ಥಿ ಬಿಜೆಪಿ ವಿರುದ್ಧ 3 ಲಕ್ಷಕ್ಕೂ ಹೆಚ್ಚು ಮತದ ಅಂತರದಲ್ಲಿ ಗೆದ್ದರು. ಲೆಕ್ಕ ಸರಿಯಾಯ್ತು ಅಂತ ಎಲ್ಲರೂ ಅಂದ್ಕೊಂಡರು.

ಏನು ಆ ಲೆಕ್ಕ? 2018ರ ವಿಧಾನಸಭೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ. 38, ಜೆಡಿಎಸ್‌ಗೆ ಸುಮಾರು ಶೇ. 18. ಕೂಡಿದ್ರೆ 56. ಬಿಜೆಪಿಗೆ ಸುಮಾರು ಶೇ. 36. ಕಾಗದದ ಮೇಲೆ ಮೈತ್ರಿ ಸೋಲೋಕೆ ಸಾಧ್ಯವೇ ಇಲ್ಲ. 2019ರ ಲೋಕಸಭೆಗೆ ಎರಡೂ ಪಕ್ಷ ಒಟ್ಟಿಗೆ ನಿಂತವು. ಕಾಂಗ್ರೆಸ್ 21, ಜೆಡಿಎಸ್ 7 ಕ್ಷೇತ್ರ.

ಫಲಿತಾಂಶ: ಬಿಜೆಪಿ 25. ಕಾಂಗ್ರೆಸ್ 1, ಜೆಡಿಎಸ್ 1, ಪಕ್ಷೇತರ 1. ತುಮಕೂರಲ್ಲಿ ದೇವೇಗೌಡರು ಸೋತರು. ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ಸೋತರು. ಮೈತ್ರಿಯ ಒಟ್ಟು ಮತ ಶೇ. 56ರಿಂದ ಸುಮಾರು ಶೇ. 42ಕ್ಕೆ ಇಳಿದಿತ್ತು, ಬಿಜೆಪಿ ಶೇ. 51 ದಾಟಿತ್ತು. ಲೋಕಸಭೆ ಚುನಾವಣೆಯಲ್ಲಿ ಜನ ಪ್ರಧಾನಿಯನ್ನ ನೋಡಿ ವೋಟ್ ಹಾಕ್ತಾರೆ, ಮೋದಿ ಅಲೆ ಇತ್ತು, ಅದು ನಿಜ. ಆದ್ರೆ ಮಂಡ್ಯ ಒಂದನ್ನೇ ಹತ್ತಿರದಿಂದ ನೋಡಿದ್ರೆ ಬೇರೆ ಏನೋ ಕಾಣುತ್ತೆ.

ಮಂಡ್ಯದಲ್ಲಿ ಮೈತ್ರಿ ಅಭ್ಯರ್ಥಿ ಮುಖ್ಯಮಂತ್ರಿಗಳ ಮಗ ನಿಖಿಲ್. ಎದುರಿಗೆ ಪಕ್ಷೇತರರಾಗಿ ಸುಮಲತಾ. ಬಿಜೆಪಿ ಅಭ್ಯರ್ಥಿ ಹಾಕದೆ ಅವರಿಗೆ ಬೆಂಬಲ ಕೊಟ್ಟಿತು. ಸುಮಲತಾ ಅವರ ಪತಿ ಅಂಬರೀಶ್ ಆ ಜಿಲ್ಲೆಯ ಕಾಂಗ್ರೆಸ್ ನಾಯಕರಾಗಿದ್ದವರು, 2018ರ ನವೆಂಬರ್‌ನಲ್ಲಿ ತೀರಿಕೊಂಡಿದ್ದರು. ಒಂದು ವರ್ಷದ ಹಿಂದೆ ಜಿಲ್ಲೆಯ 7ಕ್ಕೆ 7 ವಿಧಾನಸಭಾ ಕ್ಷೇತ್ರವನ್ನೂ ಜೆಡಿಎಸ್ ಗೆದ್ದಿತ್ತು. ಆರು ತಿಂಗಳ ಹಿಂದೆ ಲೋಕಸಭಾ ಉಪಚುನಾವಣೆಯಲ್ಲಿ 3 ಲಕ್ಷದ ಅಂತರ. ಅದೇ ಕ್ಷೇತ್ರದಲ್ಲಿ ಈಗ ಸುಮಲತಾ ಸುಮಾರು ಒಂದೂಕಾಲು ಲಕ್ಷ ಮತದಿಂದ ಗೆದ್ದರು.

ಆರು ತಿಂಗಳಲ್ಲಿ ಏನಾಯ್ತು? ನವೆಂಬರ್‌ನಲ್ಲಿ ಮಂಡ್ಯದ ಕಾಂಗ್ರೆಸ್ ಮತದಾರನಿಗೆ ಇದ್ದ ಆಯ್ಕೆ ಜೆಡಿಎಸ್ ಅಥವಾ ಬಿಜೆಪಿ. ಏಪ್ರಿಲ್‌ನಲ್ಲಿ ಮೂರನೇ ಬಾಗಿಲು ತೆರೆದಿತ್ತು, ಅದೂ ಪರಿಚಯದವರ ಮನೆ ಬಾಗಿಲು. ಎರಡೂ ಸಲ ಮತಯಂತ್ರದಲ್ಲಿ "ಹಸ್ತ" ಇರಲಿಲ್ಲ ಅನ್ನೋದನ್ನ ಗಮನಿಸಿ. ನಲವತ್ತು ವರ್ಷ ಒಂದೇ ಚಿಹ್ನೆಗೆ ಒತ್ತಿದ ಬೆರಳು ಅಲ್ಲಿ ಹೋಗಿ ಹುಡುಕುತ್ತೆ, ಸಿಗಲ್ಲ. ಆಗ ನಾಯಕರು ಹೇಳಿದ ಕಡೆ ಹೋಗಲೇಬೇಕು ಅಂತ ಏನಿಲ್ಲ.

ಮತದಾನದ ದಿನ ನಾನೂ ಊರಿಗೆ ಹೋಗಿದ್ದೆ. ಬೂತ್ ಹತ್ರ ಮೊದಲ ಸಲ ಎರಡು ಮೇಜು ಒಂದಾಗಿತ್ತು. ಚಿಕ್ಕಪ್ಪ, ಮಾವ ಅಕ್ಕಪಕ್ಕ ಕೂತಿದ್ದರು. ಮಧ್ಯಾಹ್ನ ಒಂದೇ ಬುತ್ತಿಯಿಂದ ಚಿತ್ರಾನ್ನ ತಿಂದರು. ಫಲಿತಾಂಶ ಬಂದ ರಾತ್ರಿ ಚಿಕ್ಕಪ್ಪ ಜಗಲಿಯಲ್ಲಿ ಕೂತು ಮಾವನನ್ನ ನೇರವಾಗಿ ಕೇಳಿದರು: "ನಿಜ ಹೇಳು, ಓಟು ಯಾರಿಗ್ ಹಾಕ್ದೆ?" ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ ಮೇಲೆ ಠಾಣೆಲಿ ಕೇಸ್ ಹಾಕ್ಸ್ದೋರ್ ಪಕ್ಷಕ್ಕೆ ಒತ್ತಕ್ಕೆ ಬೆರಳು ಬರ್ಲಿಲ್ಲ ಕಣಪ್ಪ" ಅಂದರು. ಚಿಕ್ಕಪ್ಪ ಎದ್ದು ಒಳಗೆ ಹೋದರು.

ನೋಡಿ, ನನ್ನ ಪ್ರಕಾರ ಮೈತ್ರಿ ಮುರಿದಿದ್ದು ಆ ಜಗಲಿಯಲ್ಲಿ. ವಿಧಾನಸೌಧಕ್ಕೆ ಸುದ್ದಿ ಎರಡು ತಿಂಗಳು ತಡವಾಗಿ ಹೋಯ್ತು.

ಯಾಕಂದ್ರೆ ಹಳೇ ಮೈಸೂರು ಭಾಗದಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಬರೀ ಎರಡು ಪಕ್ಷ ಅಲ್ಲ. ಅವು ಒಂದೇ ಹೊಲಕ್ಕೆ ಜಗಳ ಆಡೋ ದಾಯಾದಿಗಳು. ಪಂಚಾಯಿತಿ, ಹಾಲಿನ ಡೇರಿ, ಸೊಸೈಟಿ, ಎಲ್ಲಾ ಕಡೆ ಎದುರಾಳಿ ಇನ್ನೊಬ್ಬನೇ. ಉತ್ತರ ಕರ್ನಾಟಕದ ಬಹಳ ಕಡೆ ಪೈಪೋಟಿ ಕಾಂಗ್ರೆಸ್ ಮತ್ತು ಬಿಜೆಪಿ ಮಧ್ಯೆ, ಅಲ್ಲಿ ಜೆಡಿಎಸ್ ಜೊತೆಗಿದ್ರೆ ತೊಂದರೆ ಕಡಿಮೆ. ಆದ್ರೆ ಕೂಡಿಸೋಕೆ ಜೆಡಿಎಸ್ ಮತವೂ ಅಲ್ಲಿ ಕಡಿಮೆ. ಮತ ಇರೋ ಕಡೆ ದ್ವೇಷ ಇದೆ, ದ್ವೇಷ ಇಲ್ಲದ ಕಡೆ ಮತ ಇಲ್ಲ. ಈ ಮೈತ್ರಿಯ ಸಮಸ್ಯೆ ಇಷ್ಟೇ ಇತ್ತು.

ಇನ್ನು ವಿಧಾನಸೌಧದ ಅಂಕ. ಪಕ್ಷಾಂತರ ನಿಷೇಧ ಕಾನೂನು 1985ರಲ್ಲಿ ಬಂತು. ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಒಡೆದು ಹೋದ್ರೆ ಆಗ ಅದಕ್ಕೆ ರಿಯಾಯಿತಿ ಇತ್ತು, 2003ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಹಾಗಾದ್ರೆ 2019ರಲ್ಲಿ ಸರ್ಕಾರ ಬಿದ್ದಿದ್ದು ಹೇಗೆ? ಯಾರೂ ಪಕ್ಷ ಬದಲಿಸಿ ವೋಟ್ ಹಾಕಲಿಲ್ಲ. ಜುಲೈನಲ್ಲಿ ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು, ಮುಂಬೈನ ಹೋಟೆಲ್‌ನಲ್ಲಿ ಉಳಿದರು, ಸದನಕ್ಕೆ ಬರಲೇ ಇಲ್ಲ.

ಗಣಿತ ನೋಡಿ. 224ರ ಸದನದಲ್ಲಿ ಬಹುಮತಕ್ಕೆ 113 ಬೇಕು. ಆ ದಿನ ಮತ ಹಾಕಿದ್ದು 99 ಮತ್ತು 105, ಒಟ್ಟು 204 ಜನ. 204ರಲ್ಲಿ ಬಹುಮತ ಅಂದ್ರೆ 103. ಬಿಜೆಪಿ ಹತ್ರ 105 ಇತ್ತು. ಅಂದ್ರೆ ಎದುರುಪಕ್ಷದ ಒಬ್ಬನನ್ನೂ ತನ್ನ ಸಾಲಿಗೆ ಕೂರಿಸಿಕೊಳ್ಳದೆ ಗೆಲ್ಲಬಹುದಿತ್ತು. ಗೆರೆಯನ್ನ ದಾಟಬೇಕಾಗಿರಲಿಲ್ಲ, ಗೆರೆಯೇ ಕೆಳಗೆ ಬಂದಿತ್ತು.

ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನ ಅನರ್ಹಗೊಳಿಸಿದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನ ಎತ್ತಿ ಹಿಡಿಯಿತು, ಆದ್ರೆ ಉಪಚುನಾವಣೆಗೆ ನಿಲ್ಲಬಹುದು ಅಂತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ಆಗಿ ಬಿಜೆಪಿ 12 ಗೆದ್ದಿತು. ಕಾಂಗ್ರೆಸ್ 2, ಪಕ್ಷೇತರ 1. ಜೆಡಿಎಸ್ ಸೊನ್ನೆ. ಮತದಾರ ಅನ್ನೋ ಪಂಚ ಈ ಸಲ ಕೊಟ್ಟ ತೀರ್ಪು 2008ರ ತೀರ್ಪಿನ ಹಾಗಿರಲಿಲ್ಲ. ಮೈತ್ರಿ ಮುರಿದವರಿಗೆ ಶಿಕ್ಷೆ ಆಗೇ ಆಗುತ್ತೆ ಅಂತ ಇತಿಹಾಸ ನಮಗೆ ಭರವಸೆ ಕೊಡಲ್ಲ.

ಕಥೆ ಅಲ್ಲಿಗೆ ಮುಗೀಲಿಲ್ಲ. 2023ರಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಿತು, ಜೆಡಿಎಸ್ 19ಕ್ಕೆ ಇಳಿಯಿತು. ಅದೇ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಎನ್‌ಡಿಎ ಸೇರಿತು, ಅಂದ್ರೆ ಮತ್ತೆ ಬಿಜೆಪಿ ಜೊತೆ. 2024ರ ಲೋಕಸಭೆಯಲ್ಲಿ ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9. ಮಂಡ್ಯದಲ್ಲಿ ಕುಮಾರಸ್ವಾಮಿ ಅವರೇ ನಿಂತು 2.8 ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಇಲ್ಲಿ ಮತ ವರ್ಗಾವಣೆ ಆಯ್ತು, ಯಾಕಂದ್ರೆ ಮಂಡ್ಯದ ಹಳ್ಳಿಗಳಲ್ಲಿ ಬಿಜೆಪಿ ಮತ್ತು ಜೆಡಿಎಸ್ ದಾಯಾದಿಗಳಾಗಿರಲಿಲ್ಲ. ಆದ್ರೆ ಅದೇ ವರ್ಷ ನವೆಂಬರ್‌ನ ಚನ್ನಪಟ್ಟಣ ಉಪಚುನಾವಣೆ ನೋಡಿ. ಒಂದು ಟಿಕೆಟ್‌ಗೆ ಇಬ್ಬರು ಹಕ್ಕುದಾರರು. ಬಿಜೆಪಿಯಲ್ಲಿದ್ದ ಸಿ.ಪಿ. ಯೋಗೇಶ್ವರ್ ಕಾಂಗ್ರೆಸ್‌ಗೆ ಹೋಗಿ ನಿಂತರು, ಎನ್‌ಡಿಎ ಅಭ್ಯರ್ಥಿಯಾಗಿದ್ದ ನಿಖಿಲ್ ಸೋತರು. ಹೊಲ ಒಂದೇ ಆದ ಕಡೆ ಮತ್ತೆ ಹಳೇ ಜಗಳ.

ಹಾಗಾದ್ರೆ ಮೈತ್ರಿ ಅನ್ನೋದೇ ಕೆಟ್ಟದ್ದಾ? ನಾನು ಹಾಗೆ ಹೇಳಲ್ಲ. ಅಕ್ಕನ ಸೈಕಲ್ ಬಂದಿದ್ದು ಮೈತ್ರಿ ಸರ್ಕಾರದಿಂದಲೇ. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ನಿಂತಿದ್ದೂ ಇನ್ನೊಬ್ಬರ ಹೆಗಲ ಮೇಲೆ. ಯಾರಿಗೂ ಬಹುಮತ ಬರದೇ ಇದ್ದಾಗ ಯಾರಾದರೂ ಯಾರ ಜೊತೆಗಾದರೂ ಸೇರಲೇಬೇಕು. ಇಲ್ಲಾಂದ್ರೆ ಮತ್ತೆ ಚುನಾವಣೆ, ಮತ್ತೆ ಖರ್ಚು.

ಮುಂದಿನ ಸಲ ನಿಮ್ಮ ಮೊಬೈಲ್‌ನಲ್ಲಿ "ಐತಿಹಾಸಿಕ ಮೈತ್ರಿ" ಅಂತ ನೋಟಿಫಿಕೇಶನ್ ಬಂದಾಗ ನಾಯಕರು ಕೈ ಎತ್ತಿದ ಫೋಟೊ ಮಾತ್ರ ನೋಡಬೇಡಿ. ಮೂರು ಪ್ರಶ್ನೆ ಕೇಳಿ. ಒಂದು, ಇದು ಚುನಾವಣೆಗೆ ಮುಂಚೆ ನಮ್ಮನ್ನ ಕೇಳಿ ಮಾಡಿದ್ದಾ, ಫಲಿತಾಂಶ ಬಂದ್ಮೇಲೆ ಮಾಡಿದ್ದಾ? ಎರಡು, ಪಾಲಿನಲ್ಲಿ ಮೊದಲ ತುತ್ತು ಯಾರಿಗೆ, ಎರಡನೆಯವರ ಕೈಯಲ್ಲಿ ಮಾತು ಬಿಟ್ಟು ಬೇರೆ ಏನಾದ್ರೂ ಇದೆಯಾ? ಮೂರು, ಈ ಎರಡು ಪಕ್ಷದವರು ನಮ್ಮೂರಲ್ಲಿ ಒಬ್ಬರಿಗೊಬ್ಬರು ಮಾತಾಡ್ತಾರಾ? ಮೂರನೆಯದಕ್ಕೆ ಉತ್ತರ ಟಿವಿಯಲ್ಲಿ ಸಿಗಲ್ಲ. ಊರಿಗೆ ಫೋನ್ ಮಾಡಬೇಕು.

ಕೊನೆಗೆ ನಮ್ಮೂರ ವಿಷಯ ಹೇಳಿ ಮುಗಿಸ್ತೀನಿ. ಸರ್ಕಾರ ಬಿದ್ದ ಮೇಲೆ ಚಿಕ್ಕಪ್ಪ ಹೇಳಿದ ಹಾಗೆ ಜಗಳ ಮತ್ತೆ ಶುರುವಾಗುತ್ತೆ ಅಂದ್ಕೊಂಡಿದ್ದೆ. ಒಂದಷ್ಟು ದಿನ ಮಾತು ಬಿಟ್ಟರು, ನಿಜ. ಆದ್ರೆ ಆ ಕೇಸ್ ಇತ್ತಲ್ಲ, ಚರಂಡಿ ಜಗಳದ್ದು, ಅದನ್ನ ಚಿಕ್ಕಪ್ಪ ಆ ವರ್ಷವೇ ರಾಜಿ ಮಾಡಿ ಮುಗಿಸಿದರು. ಯಾಕೆ ಅಂತ ಕೇಳಿದೆ. "ಔನು ಓಟ್ ಹಾಕ್ಲಿಲ್ಲ ಅಂತ ಸುಳ್ಳು ಹೇಳ್ಬೋದಿತ್ತು ಮಗ, ಹೇಳ್ಲಿಲ್ಲ" ಅಂದರು.

2024ರಲ್ಲಿ ಚಿಕ್ಕಪ್ಪನ ಮೇಜಿನ ಪಕ್ಕದಲ್ಲಿ ಬಿಜೆಪಿಯ ಒಬ್ಬ ಹುಡುಗ ಕೂತಿದ್ದ. ಮಾವನ ಮೇಜು ಮತ್ತೆ ರಸ್ತೆಯ ಆ ಕಡೆ ಹೋಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಚಿಕ್ಕಪ್ಪ ಬುತ್ತಿ ಎತ್ಕೊಂಡು ರಸ್ತೆ ದಾಟಿದರು.

ಮುಂದಿನ ಕಂತಿನಲ್ಲಿ ಸಿಗೋಣ. ನಿಮ್ಮೂರಲ್ಲೂ ಇಂಥ ಎರಡು ಮೇಜಿನ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ನಮಸ್ಕಾರ.